ಬಣ್ಣ ಅಳಿಸಿದ ಮೇಲೂ ಹೆಣ್ಣೇ: ಜೋಗತಿ ಮಂಜಮ್ಮನ ರಂಗಪಯಣ

ಯಡಿಯೂರಿನ ಸಿದ್ಧಲಿಂಗೇಶ್ವರನ ಜಾತ್ರೆ ಮುಗಿಯುತ್ತಿದ್ದಂತೆ ಸುತ್ತಲಿನ ಊರುಗಳಲ್ಲಿ ನಾಟಕದ ಸುಗ್ಗಿ. ಕುಣಿಗಲ್, ಗುಬ್ಬಿ, ತುರುವೇಕೆರೆ ಸೀಮೆಯಲ್ಲಿ ‘ಕುರುಕ್ಷೇತ್ರ’ ಆಡದ ಊರನ್ನು ಹುಡುಕಬೇಕು. ಬಾಡಿಗೆಗೆ ತಂದ ಸೀನುಗಳು, ಹಾರ್ಮೋನಿಯಂ ಮೇಷ್ಟ್ರು, ಊರಿನ ಗೌಡರೋ ಬಸ್ ಕಂಡಕ್ಟರೋ ವಹಿಸಿಕೊಂಡ ದುರ್ಯೋಧನ. ದ್ರೌಪದಿಗೆ ಮಾತ್ರ ಪಟ್ಟಣದಿಂದ ಹಣ ಕೊಟ್ಟು ಕರೆಸಿದ ನಟಿ. ಇಂಥ ಒಂದು ನಾಟಕದ ರಾತ್ರಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಆ ನಟಿ ಕಂದಪದ್ಯ ಎತ್ತಿದಾಗ ತಲೆಯಾಡಿಸಿ, ‘ನಮ್ ಕಾಲ್ದಾಗೆ ಇದನ್ನ ನಾನೇ ಮಾಡ್ತಿದ್ದೆ ಕಣಪ್ಪ’ ಎಂದರು.

ಆಗ ಹಳ್ಳಿಗೆ ನಟಿಯರನ್ನು ಕರೆಸುವಷ್ಟು ಹಣವಿರಲಿಲ್ಲ. ಮೀಸೆ ಚಿಗುರದ ಹುಡುಗರಿಗೆ ಸೀರೆ ಉಡಿಸುತ್ತಿದ್ದರು. ಇವರು ಆರೇಳು ವರ್ಷ ದ್ರೌಪದಿಯಾದರು. ಜನ ಚಪ್ಪಾಳೆ ತಟ್ಟಿದರು, ನೋಟಿನ ಹಾರ ಹಾಕಿದರು. ‘ಬೆಳಗ್ಗೆ ಎದ್ದು ಮೊಗ ತೊಳ್ಕಂಡ್ರೆ ಮುಗೀತು. ಹೊಲದ ತಾವ ನಾನು ನಾನೇ’ ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ತಂಡದಲ್ಲಿ ಉತ್ತರೆಯಾಗುತ್ತಿದ್ದ ಇನ್ನೊಬ್ಬ ಹುಡುಗನ ವಿಷಯ ತೆಗೆದರು. ಮುಖ ತೊಳೆದ ಮೇಲೂ ಅವನ ನಡಿಗೆ ಬದಲಾಗುತ್ತಿರಲಿಲ್ಲವಂತೆ. ರಾತ್ರಿ ಅವನಿಗೆ ಚಪ್ಪಾಳೆ ತಟ್ಟಿದವರೇ ಹಗಲು ಅವನ ಹಿಂದೆ ಸಿಳ್ಳೆ ಹಾಕಿದರಂತೆ. ಒಂದು ದಿನ ಊರು ಬಿಟ್ಟವನು ಮತ್ತೆ ಬರಲಿಲ್ಲ.

ಹೆಣ್ಣುವೇಷದ ಬಗ್ಗೆ ನಮ್ಮ ರಂಗಭೂಮಿಯ ಇತಿಹಾಸ ಓದಿದವರಿಗೆ ಈ ಎರಡು ಕತೆಗಳಲ್ಲಿ ಮೊದಲನೆಯದು ಚೆನ್ನಾಗಿ ಗೊತ್ತು. ಎರಡನೆಯದನ್ನು ಯಾರೂ ಬರೆದಿಟ್ಟಿಲ್ಲ.

ಗುಬ್ಬಿಯ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಬಾಲಕನಾಗಿ ಅದನ್ನು ಸೇರಿ ಮುಂದೆ ಅದರ ಯಜಮಾನರಾದರು. ಆ ಕಾಲದ ಕಂಪನಿಗಳಲ್ಲಿ ಸೀತೆ, ಸಾವಿತ್ರಿ, ದಮಯಂತಿ ಎಲ್ಲರೂ ಗಂಡಸರೇ. ಬಿ. ಜಯಮ್ಮನಂಥ ನಟಿಯರು ಬಂದು ಹೆಸರು ಮಾಡುವವರೆಗೆ ‘ಸ್ತ್ರೀ ಪಾರ್ಟು’ ಎಂಬುದು ಹುಡುಗರಿಗೆ ಮೀಸಲಾದ ಉದ್ಯೋಗವಾಗಿತ್ತು. ಉತ್ತರ ಕರ್ನಾಟಕದಲ್ಲಿ ಶತಾಯುಷಿ ಏಣಗಿ ಬಾಳಪ್ಪನವರೂ ಎಳವೆಯಲ್ಲಿ ಹೆಣ್ಣು ಪಾತ್ರ ಮಾಡಿದವರು. ಮರಾಠಿಯ ಬಾಲಗಂಧರ್ವರ ಮಾತಂತೂ ಹೇಳುವುದೇ ಬೇಡ. ಅವರು ಉಟ್ಟ ಸೀರೆ, ಮುಡಿದ ಹೂವಿನ ರೀತಿಯನ್ನು ನೋಡಿ ಮನೆತನದ ಹೆಂಗಸರು ಅನುಕರಿಸುತ್ತಿದ್ದರು. ಕರಾವಳಿಯ ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರರಾಯರಂಥ ಸ್ತ್ರೀವೇಷಧಾರಿಗಳಿಗೆ ಸಂದ ಗೌರವ ಯಾವ ರಾಜವೇಷಕ್ಕೂ ಕಡಿಮೆಯಲ್ಲ.

ಇಷ್ಟೆಲ್ಲ ಮನ್ನಣೆಯ ಹಿಂದೆ ಒಂದು ಕರಾರು ಇತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಸೀರೆಯನ್ನು ಬಣ್ಣದ ಮನೆಯಲ್ಲಿ ಕಳಚಿಟ್ಟು ಬರಬೇಕು. ಕಳಚಿಟ್ಟರೆ ಕಲಾವಿದ, ಇಲ್ಲದಿದ್ದರೆ ನಗೆಪಾಟಲು. ಈ ಕರಾರನ್ನು ಒಪ್ಪದೆಯೂ ಕಲಾವಿದೆ ಎನಿಸಿಕೊಂಡು, ಬಸ್ ನಿಲ್ದಾಣದಿಂದ ರಾಷ್ಟ್ರಪತಿ ಭವನದವರೆಗೆ ಹೋದವರೊಬ್ಬರು ನಮ್ಮಲ್ಲಿದ್ದಾರೆ. ಅವರು ಮಂಜಮ್ಮ ಜೋಗತಿ.

ಹುಟ್ಟುವಾಗ ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಊರು ಬಳ್ಳಾರಿ ಜಿಲ್ಲೆಯ ಕಲ್ಲುಕಂಬ. ಹತ್ತನೆಯ ತರಗತಿಯವರೆಗೆ ಓದು. ಹದಿಹರೆಯಕ್ಕೆ ಬರುವ ಹೊತ್ತಿಗೆ ತಾನು ಹೆಣ್ಣು ಎಂಬ ಅರಿವು ಗಟ್ಟಿಯಾಯಿತು. ಮನೆಯವರಿಗೆ ಇದು ದೇವರ ಕಾಟವೆಂದು ತೋರಿತು. 1970ರ ದಶಕದ ನಡುವೆ ಹೊಸಪೇಟೆಯ ಸಮೀಪ, ತುಂಗಭದ್ರೆಯ ದಡದ ಹುಲಿಗಿಗೆ ಕರೆದೊಯ್ದು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಗಂಡಿನ ಗುರುತಾದ ಉಡಿದಾರವನ್ನು ಹರಿದು, ಬಳೆ ತೊಡಿಸಿ, ಹೆಣ್ಣುಡುಗೆ ಉಡಿಸುವ ಆಚರಣೆ ಅದು. ಅಂದು ತಾಯಿ ಮಗನನ್ನು ಕಳೆದುಕೊಂಡಂತೆ ಗೋಳಾಡಿದ್ದನ್ನು ಮಂಜಮ್ಮ ಅನೇಕ ಕಡೆ ನೆನೆದಿದ್ದಾರೆ.

ಇಲ್ಲಿ ಜೋಗಪ್ಪ, ಜೋಗತಿ ಎಂಬ ಮಾತುಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಮಕೂರು ಕಡೆಯ ಓದುಗರಿಗೆ ಇವು ಅಷ್ಟು ಪರಿಚಿತವಲ್ಲ. ಸವದತ್ತಿಯ ಎಲ್ಲಮ್ಮನಿಗೋ ಹುಲಿಗಿಯ ಹುಲಿಗೆಮ್ಮನಿಗೋ ಒಪ್ಪಿಸಿಕೊಂಡ ಹೆಂಗಸರು ಜೋಗತಿಯರು. ಗಂಡಾಗಿ ಹುಟ್ಟಿ, ದೇವಿಯೇ ಮೈದುಂಬಿದಳೆಂಬ ನಂಬಿಕೆಯಿಂದ ಹೆಣ್ಣಾಗಿ ಬಾಳುವವರು ಜೋಗಪ್ಪಗಳು. ಇವರನ್ನು ಜೋಗಮ್ಮ, ಜೋಗತಿ ಎಂದೂ ಕರೆಯುವುದುಂಟು. ದೊಡ್ಡ ಪಟ್ಟಣಗಳಲ್ಲಿ ಕಾಣುವ ಹಿಜಡಾ ಸಮುದಾಯದ ಕಟ್ಟಳೆಗಳು ಬೇರೆ, ಜೋಗಪ್ಪಗಳದು ಬೇರೆ. ಗಂಡನ್ನು ಬಯಸುವ ಗಂಡನ್ನು ಸಲಿಂಗಿ ಎನ್ನುತ್ತೇವೆ. ಮಂಜಮ್ಮನದು ಆ ಮಾತಲ್ಲ. ತಾನು ಗಂಡೇ ಅಲ್ಲ ಎಂಬುದು ಅವರ ನಿಲುವು. ಪತ್ರಿಕೆಗಳಲ್ಲಿ ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವ ಅಭ್ಯಾಸ ಇನ್ನೂ ಹೋಗಿಲ್ಲ.

ಜೋಗಪ್ಪಗಳ ಹುಟ್ಟಿಗೆ ಜನಪದರ ಕತೆಯೊಂದಿದೆ. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಹೊಳೆಗೆ ಹೋಗಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ಅದರ ಮೇಲೆ ಕೊಡವಿಟ್ಟು ನೀರು ತರುವಳು. ಒಂದು ದಿನ ಜಲಕ್ರೀಡೆಯಾಡುವ ಗಂಧರ್ವರನ್ನು ಕಂಡು ಅವಳ ಮನಸ್ಸು ಒಂದು ಗಳಿಗೆ ಚಲಿಸುತ್ತದೆ. ಮರಳ ಕೊಡ ಕಲಸಿಹೋಗುತ್ತದೆ. ಸಿಟ್ಟಾದ ಋಷಿ ತಾಯಿಯ ತಲೆ ತೆಗೆಯುವಂತೆ ಮಕ್ಕಳಿಗೆ ಹೇಳುತ್ತಾನೆ. ಪರಶುರಾಮ ಕೊಡಲಿ ಎತ್ತುತ್ತಾನೆ, ಉಳಿದವರು ಒಲ್ಲೆವೆನ್ನುತ್ತಾರೆ. ಒಲ್ಲೆವೆಂದವರಿಗೆ ಗಂಡಸುತನ ಹೋಗಲಿ ಎಂದು ತಂದೆಯ ಶಾಪ. ತಾಯಿಯನ್ನು ಕೊಲ್ಲಲೊಪ್ಪದ ಆ ಮಕ್ಕಳ ಸಂತತಿಯೇ ನಾವು ಎಂದು ಜೋಗಪ್ಪಗಳು ಹೇಳಿಕೊಳ್ಳುತ್ತಾರೆ. ಶಾಪವನ್ನೇ ಹೆಮ್ಮೆಯ ವಂಶಾವಳಿಯಾಗಿ ಮಾಡಿಕೊಂಡ ಇಂಥ ಕತೆ ನಮ್ಮ ಪುರಾಣಗಳಲ್ಲಿ ಅಪರೂಪ ಎಂದು ನನಗೆ ಅನ್ನಿಸುತ್ತದೆ. ಜೋಗತಿ ಕುಣಿತದಲ್ಲಿ ತಲೆಯ ಮೇಲೆ ಕೊಡ ಏಕೆ ಬಂತೆಂಬುದಕ್ಕೂ ಈ ಕತೆಯಲ್ಲೇ ಉತ್ತರ ಇದೆ.

ಕೊಡವೆಂದರೆ ಹಿತ್ತಾಳೆಯದು. ಅದರ ಮೇಲೆ ದೇವಿಯ ಮುಖ, ಹೂವು, ಬೇವಿನೆಸಳು. ಕೈಯಲ್ಲಿ ಹಿಡಿಯದೆ ಅದನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ಚೌಡಿಕೆಯ ಗತಿಗೆ ಹೆಜ್ಜೆ ಹಾಕಬೇಕು. ಚೌಡಿಕೆ ಒಂದೇ ತಂತಿಯ ವಾದ್ಯ. ತೊಗಲು ಬಿಗಿದ ಮರದ ಕೊಳಗದಿಂದ ಹೊರಟ ತಂತಿಯನ್ನು ಮೀಟಿದರೆ ಶ್ರುತಿಯೂ ಲಯವೂ ಒಟ್ಟಿಗೆ ಹೊರಡುತ್ತವೆ. ಜತೆಗೆ ತಾಳ, ಹಿಮ್ಮೇಳದವರ ‘ಉಧೋ ಉಧೋ’. ಕುಣಿತ ಬಿರುಸಾದಂತೆ ಬೆನ್ನು ಬಾಗಿಸಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುವ ಕಸರತ್ತು. ನೋಡುವವರ ಕಣ್ಣು ಕೊಡದ ಮೇಲೆ. ಕುಣಿಯುವವರ ಗಮನವೆಲ್ಲ ಕುತ್ತಿಗೆಯ ಹಿಂಬದಿಯ ಮೇಲೆ.

ಈ ವಿದ್ಯೆ ಮಂಜಮ್ಮನಿಗೆ ಮುತ್ತು ಕಟ್ಟಿದ ಕೂಡಲೇ ಬಂದದ್ದಲ್ಲ. ದೇವರ ಹೆಸರಿನಲ್ಲಿ ಸೀರೆ ಉಟ್ಟವರನ್ನು ಊರಿನವರು ಮಂಗಳವಾರ, ಶುಕ್ರವಾರ ಕೈಮುಗಿದು ಪಡಲಗಿ ತುಂಬಿಸುತ್ತಾರೆ, ಉಳಿದ ದಿನ ಗೇಲಿ ಮಾಡುತ್ತಾರೆ. ಮನೆಯಲ್ಲಿ ಇರಲಾಗದ ಸ್ಥಿತಿ. ಮಂಜಮ್ಮ ವಿಷ ಕುಡಿದರು, ಬದುಕಿದರು. ಮನೆ ಬಿಟ್ಟು ಭಿಕ್ಷೆ ಬೇಡಿದರು. ದಾರಿಯಲ್ಲಿ ಗಂಡಸರ ಗುಂಪೊಂದು ಕೈಲಿದ್ದ ಹಣ ಕಿತ್ತುಕೊಂಡು ಅತ್ಯಾಚಾರವೆಸಗಿದ್ದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮತ್ತೆ ಸಾಯುವ ಯೋಚನೆ ಬಂದಿದ್ದ ಆ ದಿನಗಳಲ್ಲಿ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಅವರ ಕಣ್ಣಿಗೆ ಬಿದ್ದದ್ದು ಒಬ್ಬ ತಂದೆ ಮತ್ತು ಮಗ. ತಂದೆ ಹಾಡುತ್ತಿದ್ದ. ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ.

ತಂದೆಯ ಹೆಸರು ಮಟ್ಟಿಕಲ್ ಬಸಪ್ಪ. ಅವರ ಗುಡಿಸಿಲಿಗೆ ದಿನವೂ ಹೋಗಿ ಮಂಜಮ್ಮ ಕುಣಿತ ಕಲಿತರು. ಶಾಲೆಯಿಲ್ಲ, ಪಠ್ಯವಿಲ್ಲ, ಶುಲ್ಕವೂ ಇಲ್ಲ. ಕಲಿತ ಮೇಲೆ ಬಸಪ್ಪನವರೇ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಬಳಿ ಕರೆದೊಯ್ದರು. ಕಾಳವ್ವ ಆ ಸೀಮೆಯಲ್ಲಿ ಹೆಸರಾದ ಜೋಗತಿ. ಕುಣಿದು ತೋರಿಸು ಎಂದರು, ನೋಡಿದರು, ಮೇಳಕ್ಕೆ ಸೇರಿಸಿಕೊಂಡರು.

ಅಲ್ಲಿಂದ ನಿಜವಾದ ರಂಗಪಯಣ. ಮೇಳದ್ದು ಬರಿಯ ಕುಣಿತವಲ್ಲ, ಎಲ್ಲಮ್ಮನಾಟವೂ ಉಂಟು. ರೇಣುಕೆಯ ಕತೆಯನ್ನು ಹಾಡು, ಮಾತು, ಅಭಿನಯದಲ್ಲಿ ಇಡೀ ರಾತ್ರಿ ನಡೆಸುವ ಬಯಲಾಟ ಅದು. ಸಣ್ಣ ಪಾತ್ರಗಳಿಂದ ಆರಂಭಿಸಿದ ಮಂಜಮ್ಮ ಕ್ರಮೇಣ ಮುಖ್ಯ ಪಾತ್ರಗಳಿಗೆ ಬಂದರು. ಕಾಳವ್ವ ತೀರಿಕೊಂಡ ಮೇಲೆ ಮೇಳದ ಹೊಣೆ ಅವರ ಹೆಗಲಿಗೇ ಬಿತ್ತು. ಹೊಸಪೇಟೆಯ ಹತ್ತಿರದ ಮರಿಯಮ್ಮನಹಳ್ಳಿ ಮೊದಲಿನಿಂದಲೂ ನಾಟಕದವರ ಊರು. ಅಲ್ಲಿ ನೆಲೆ ನಿಂತು ಮೇಳ ಕಟ್ಟಿದರು. ಮನೆಯ ಅಂಗಳ, ಹರಕೆಯ ಮನೆ, ಹಳ್ಳಿಯ ಜಾತ್ರೆಗಳಲ್ಲಿ ಕುಣಿಯುತ್ತಿದ್ದ ಜೋಗತಿಯರು ಜನಪದ ಉತ್ಸವಗಳ ಮೈಕು, ದೀಪಗಳ ಮುಂದೆ ಬಂದದ್ದು ಇಂಥ ಮೇಳಗಳಿಂದ.

ಈ ಬದಲಾವಣೆ ಕಾಣುವಷ್ಟು ಸಲೀಸಲ್ಲ. ಹರಕೆಯ ಮನೆಯಲ್ಲಿ ಜೋಗತಿ ಕುಣಿದರೆ ಅದು ದೇವಿಯ ಸೇವೆ. ನೋಡುವವರು ಭಯಭಕ್ತಿಯಿಂದ ನೋಡುತ್ತಾರೆ, ಕಾಳು ಕಡ್ಡಿ ಕೊಡುತ್ತಾರೆ. ಅದೇ ಕುಣಿತ ವೇದಿಕೆ ಏರಿದರೆ ಹದಿನೈದು ನಿಮಿಷದ ಒಂದು ‘ಐಟಂ’. ಭಕ್ತಿ ಹೋಗಿ ಸಂಭಾವನೆ ಬಂತು. ಸಂಭಾವನೆಯ ಜತೆ ಹೊಸದೊಂದು ಸಂಗತಿಯೂ ಬಂತು. ಕರಪತ್ರದಲ್ಲಿ ಹೆಸರು. ಜೋಗಪ್ಪ ಎಂಬ ಜಾತಿವಾಚಕದಂಥ ಪದದ ಬದಲು ‘ಮಂಜಮ್ಮ ಜೋಗತಿ ಮತ್ತು ತಂಡ’ ಎಂದು ಅಚ್ಚಾಗತೊಡಗಿತು. ಅಚ್ಚಾದ ಹೆಸರಿಗೆ ಎಂಥ ಬಲವಿದೆ ಎಂಬುದು ನಮ್ಮಂಥ ಪತ್ರಿಕೆಯವರಿಗೆ ಗೊತ್ತು, ಆದರೆ ನಾವೇ ಆಗಾಗ ಮರೆಯುತ್ತೇವೆ.

2006ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅವರಿಗೆ ಪ್ರಶಸ್ತಿ ಕೊಟ್ಟಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು.

ವೇಷ ಮತ್ತು ಕಾನೂನಿನ ಈ ಜಗ್ಗಾಟ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೋಸೆ ಸಾರಿಯಾ ಎಂಬ ಲ್ಯಾಟಿನ್ ಅಮೆರಿಕ ಮೂಲದ ಕಲಾವಿದನಿದ್ದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದವನು, ಬಳಿಕ ‘ಬ್ಲ್ಯಾಕ್ ಕ್ಯಾಟ್’ ಎಂಬ ಪಾನಗೃಹದಲ್ಲಿ ಹೆಣ್ಣುವೇಷ ಹಾಕಿ ‘ಕಾರ್ಮೆನ್’ ಸಂಗೀತನಾಟಕವನ್ನು ಅಣಕವಾಡಿ ಹಾಡುತ್ತಿದ್ದ. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳುತ್ತಿದ್ದ. ವಂಚಿಸುವ ಉದ್ದೇಶದಿಂದ ಹೆಣ್ಣಿನ ಉಡುಪು ತೊಟ್ಟ ಗಂಡಸರನ್ನು ಹಿಡಿಯುವ ಕಾನೂನು ಅಲ್ಲಿನ ಪೊಲೀಸರ ಕೈಯಲ್ಲಿತ್ತು. ಅದಕ್ಕೆ ಸಾರಿಯಾ ಹುಡುಕಿದ ಉಪಾಯ ಸರಳ. ‘ನಾನು ಹುಡುಗ’ ಎಂದು ಬರೆದ ಚೀಟಿಗಳನ್ನು ಎಲ್ಲರಿಗೂ ಹಂಚಿದ. ಚೀಟಿ ಅಂಟಿಸಿಕೊಂಡ ಮೇಲೆ ವಂಚನೆ ಎಲ್ಲಿಂದ ಬಂತು? 1961ರಲ್ಲಿ ಆತ ನಗರದ ಆಡಳಿತ ಮಂಡಳಿಯ ಚುನಾವಣೆಗೆ ನಿಂತ. ಗೆಲ್ಲಲಿಲ್ಲ. ಆದರೆ ಐದೂವರೆ ಸಾವಿರಕ್ಕೂ ಹೆಚ್ಚು ಮತ ಬಿದ್ದವು. ಅಮೆರಿಕದಲ್ಲಿ ಸಲಿಂಗಿ ಎಂದು ಹೇಳಿಕೊಂಡೇ ಸಾರ್ವಜನಿಕ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲಿಗನೆಂದು ಆತನ ಹೆಸರು ಉಳಿಯಿತು. ತೀರಿಕೊಂಡದ್ದು 2013ರಲ್ಲಿ.

ಸಾರಿಯಾನ ಚೀಟಿಯ ಕತೆ ಕೇಳಿ ನಗುವ ಮುನ್ನ ನಮ್ಮ ಕಡತಗಳನ್ನೂ ನೋಡಿಕೊಳ್ಳಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಮು ಸೇರಿತು. ನಪುಂಸಕರೆಂಬ ಹೆಸರಿನಲ್ಲಿ ಇಡೀ ಸಮುದಾಯದ ದಾಖಲೆ ಇಟ್ಟು ಅವರ ಮೇಲೆ ಕಣ್ಣಿಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. ಎಂದರೆ ಮಂಜಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟ ಮರುವರ್ಷವೇ ಅದೇ ಸರ್ಕಾರ ಅವರ ಸಮುದಾಯವನ್ನು ಶಂಕಿತರ ಪಟ್ಟಿಗೆ ಸೇರಿಸುವ ದಾರಿ ತೆರೆಯಿತು. ಆ ಪದವನ್ನು ಕಲಮಿನಿಂದ ತೆಗೆದದ್ದು 2016ರಲ್ಲಿ, ಸಮುದಾಯದವರು ಹೈಕೋರ್ಟ್ ಮೆಟ್ಟಿಲು ಹತ್ತಿದ ನಂತರ. ಅಷ್ಟರೊಳಗೆ, 2014ರ ಏಪ್ರಿಲ್‌ನಲ್ಲಿ, ತಮ್ಮ ಲಿಂಗವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೆಯ ಕಲಮಿನ ಭಾಗ ಬಿದ್ದುಹೋದದ್ದು 2018ರ ಸೆಪ್ಟೆಂಬರ್‌ನಲ್ಲಿ.

2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಎಚ್.ಎಲ್. ನಾಗೇಗೌಡ, ಗೊ.ರು. ಚನ್ನಬಸಪ್ಪ ಮುಂತಾದ ವಿದ್ವಾಂಸರು, ಸಂಘಟಕರು ಕುಳಿತ ಕುರ್ಚಿ ಅದು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರು ಅಲ್ಲಿ ಕುಳಿತದ್ದು ಅದೇ ಮೊದಲು. ಆಗ ಮುಖ್ಯಮಂತ್ರಿಯಾಗಿದ್ದವರು ಬಿ.ಎಸ್. ಯಡಿಯೂರಪ್ಪ. ಅವರ ಹೆಸರಿನ ಮೂಲ ನಮ್ಮ ಯಡಿಯೂರಿನ ದೇವರೇ ಎಂಬುದನ್ನು ಈ ಭಾಗದವರು ಅಭಿಮಾನದಿಂದ ಹೇಳುತ್ತಾರೆ. ಹಾಗೆ ನೋಡಿದರೆ ಯಡಿಯೂರಿಗೂ ಮಂಜಮ್ಮನಿಗೂ ಒಂದು ದೂರದ ನಂಟು ಉಂಟು.

ಈ ನೇಮಕಕ್ಕೆ ನನ್ನ ದೃಷ್ಟಿಯಲ್ಲಿ ಪ್ರಶಸ್ತಿಗಳಿಗಿಂತ ಹೆಚ್ಚಿನ ತೂಕವಿದೆ. ಪ್ರಶಸ್ತಿ ಪಡೆಯುವವರು ವೇದಿಕೆ ಹತ್ತಿ ಶಾಲು ಹೊದ್ದು ಇಳಿಯುತ್ತಾರೆ. ಅಧ್ಯಕ್ಷರಾದವರು ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕಡತಕ್ಕೆ ಸಹಿ ಹಾಕಬೇಕು, ಯಾವ ಊರಿನ ಯಾವ ಕಲಾವಿದರಿಗೆ ಗೌರವ ಸಲ್ಲಬೇಕೆಂಬ ಸಭೆಯನ್ನು ನಡೆಸಬೇಕು. ಒಂದು ಕಾಲದಲ್ಲಿ ಮನೆಮನೆಯ ಮುಂದೆ ಪಡಲಗಿ ಹಿಡಿದು ನಿಂತವರ ಮುಂದೆ ಅರ್ಜಿ ಹಿಡಿದು ಬೇರೆಯವರು ನಿಂತರು. ವೇಷದ ಮಾತು ಅಲ್ಲಿಗೆ ಮುಗಿಯಿತು. ಕಚೇರಿಗೆ ಬರುವಾಗ ಉಟ್ಟ ಸೀರೆ ಯಾವ ಪಾತ್ರದ್ದೂ ಅಲ್ಲ.

2021ರ ನವೆಂಬರ್ 9ರಂದು ದೆಹಲಿಯ ರಾಷ್ಟ್ರಪತಿ ಭವನದಲ್ಲಿ ನಡೆದ ಪದ್ಮ ಪ್ರಶಸ್ತಿ ಪ್ರದಾನದ ದೃಶ್ಯ ಬಹಳ ಮಂದಿ ಓದುಗರಿಗೆ ನೆನಪಿರಬಹುದು. ಪದ್ಮಶ್ರೀಗೆ ಹೆಸರು ಕೂಗಿದಾಗ ಮಂಜಮ್ಮ ಎದ್ದು ನಡೆದರು. ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಸೆರಗಿನ ತುದಿ ಹಿಡಿದು ನಿವಾಳಿಸಿ, ನೆಲ ಮುಟ್ಟಿ ದೃಷ್ಟಿ ತೆಗೆದರು. ಸಭಾಂಗಣದಲ್ಲಿ ಚಪ್ಪಾಳೆ ಎದ್ದಿತು. ಉತ್ತರ ಭಾರತದ ಪತ್ರಿಕೆಗಳು ಇದನ್ನು ವಿಚಿತ್ರ ಸಂಪ್ರದಾಯವೆಂಬಂತೆ ವಿವರಿಸಿದವು. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ದಿನವೂ ಮಾಡುವ ಕೆಲಸ ಅದು. ಬೀದಿಯಲ್ಲಿ ಮಂಗಳಮುಖಿಯರ ಶಾಪಕ್ಕೆ ಹೆದರಿ ಚಿಲ್ಲರೆ ಕೊಡುವ ದೇಶದಲ್ಲಿ, ಪ್ರಥಮ ಪ್ರಜೆಗೆ ಅವರೊಬ್ಬರು ಹರಸಿ ಬಂದರು.

ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ. ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದ ಕಂಪನಿಯ ಯಜಮಾನರಿಗೆ ಸಂದ ಗೌರವ ತಲೆಯ ಮೇಲೊಂದು ಕೊಡ ಬಿಟ್ಟರೆ ಬೇರೆ ಸಲಕರಣೆಯಿಲ್ಲದ ಜೋಗತಿಗೆ ಸಲ್ಲಲು ಸುಮಾರು ಐವತ್ತು ವರ್ಷ ಬೇಕಾಯಿತು.

ಮಂಜಮ್ಮ ಒಬ್ಬರೇ ಎಂದೇನೂ ಅಲ್ಲ. ಎ. ರೇವತಿ ಅವರ ಆತ್ಮಕಥೆ ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದು ನಾಟಕವೂ ಆಯಿತು. ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಜೋಗಪ್ಪಗಳ ಜತೆ ಒಂದೇ ವೇದಿಕೆಯಲ್ಲಿ ಕುಳಿತು ಹಾಡಿದರು. ಸರ್ಕಾರಿ ನೌಕರಿಗಳಲ್ಲಿ ಈ ಸಮುದಾಯಕ್ಕೆ ಶೇಕಡಾ 1ರ ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ತಂದಿತು. ದೇಶದಲ್ಲೇ ಇದು ಮೊದಲು. ಹಾಗೆಂದು ಎಲ್ಲವೂ ನೇರ್ಪಾಯಿತೆಂದು ಬರೆದರೆ ಸುಳ್ಳಾದೀತು. ಮುತ್ತು ಕಟ್ಟುವ ಪದ್ಧತಿಯ ಬಗೆಗೇ ಎರಡು ಮಾತಿವೆ. ಹೆಂಗಸರನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲೇ ಮಾಡಿದೆ. ಆ ಪದ್ಧತಿ ಬಡ ಹೆಣ್ಣುಮಕ್ಕಳ ಬಾಳನ್ನು ಹೇಗೆ ಹಾಳುಮಾಡಿತೆಂಬುದು ಎಲ್ಲರಿಗೂ ಗೊತ್ತು. ಜೋಗಪ್ಪಗಳಿಗಾದರೋ ಅದೇ ಎಲ್ಲಮ್ಮ ಊರಿನೊಳಗೆ ಇರಲು ಒಂದು ಜಾಗ ಕೊಟ್ಟಳು. ಜಾಗ ಕೊಟ್ಟಳು, ಊಟ ಕೊಡಲಿಲ್ಲ. ಅದನ್ನು ಮಂಜಮ್ಮನಿಗೆ ಕೊಟ್ಟದ್ದು ಬಸಪ್ಪ ಕಲಿಸಿದ ಹೆಜ್ಜೆ.

ಅವರ ಆತ್ಮಕಥನವನ್ನು ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದಾರೆ. ಪುಸ್ತಕದ ಹೆಸರು ‘ನಡುವೆ ಸುಳಿವ ಹೆಣ್ಣು’. ವಚನ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಜೇಡರ ದಾಸಿಮಯ್ಯ ನೆನಪಾಗುತ್ತಾನೆ. ಮೈಯ ಗುರುತು ನೋಡಿ ಹೆಣ್ಣೆಂದೋ ಗಂಡೆಂದೋ ಕರೆಯುತ್ತಾರೆ, ಒಳಗಿನ ಆತ್ಮಕ್ಕೆ ಆ ಭೇದವೆಲ್ಲಿ ಎಂದು ಅವನು ಕೇಳಿದ್ದ. ಯಡಿಯೂರಿಗೆ ಈ ಮಾತು ಪರಕೀಯವಲ್ಲ. ಇಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗರು ಸ್ವತಃ ವಚನಕಾರರು. ಹನ್ನೆರಡನೆಯ ಶತಮಾನದ ವಚನಗಳಿಗೆ ಮತ್ತೆ ಜೀವ ಬಂದದ್ದು ಅವರ ಮತ್ತು ಅವರ ಶಿಷ್ಯರ ಕಾಲದಲ್ಲಿ. ದಾಸಿಮಯ್ಯನ ಈ ವಚನವನ್ನು ಭಜನಾ ಮೇಳಗಳು ಹಾಡುತ್ತವೆ. ಹಾಡುವಾಗ ಅರ್ಥದ ಕಡೆ ಎಷ್ಟು ಗಮನ ಕೊಡುತ್ತಾರೆ ಎಂಬುದು ಬೇರೆ ಮಾತು.

ಆ ನಾಟಕದ ರಾತ್ರಿ, ಸೀನು ಬದಲಿಸುವ ಬಿಡುವಿನಲ್ಲಿ, ಪಕ್ಕದ ಹಿರಿಯರಿಗೆ ನನ್ನ ಮೊಬೈಲಿನಲ್ಲಿ ಮಂಜಮ್ಮ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದ ದೃಶ್ಯ ತೋರಿಸಿದೆ. ಎರಡು ಸಲ ನೋಡಿದರು. ಆಮೇಲೆ ಅವರ ಕುಣಿತ ತೋರಿಸು ಎಂದರು. ಕೊಡ ಹೊತ್ತು ಕುಣಿಯುವುದನ್ನು ಮಾತಾಡದೆ ನೋಡಿ, ‘ಇವ್ರ ಮೇಳನ ನಮ್ಮ ಜಾತ್ರೆಗೆ ಕರೆಸಿದ್ರೆ ಎಷ್ಟಾಯ್ತದೆ? ವಿಚಾರಿಸಪ್ಪ’ ಎಂದರು. ಅಷ್ಟರಲ್ಲಿ ಪರದೆ ಎದ್ದಿತು. ಕೃಷ್ಣ ಸಂಧಾನದ ಸೀನು, ಹಾರ್ಮೋನಿಯಂ ಜೋರಾಯಿತು.